ಶೇಖರಪ್ಪನವರ ರಬ್ಬರ್ ಕಪ್ಪೆ

ಎಲೆಕ್ಟ್ರಾನಿಕ್ ಸಿಟಿಯ ರಬ್ಬರ್ ಸೀಲು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತಿದ್ದ ಶೇಖರಪ್ಪನವರು ತಮ್ಮ ಇಡೀ ನೌಕರಿಯನ್ನು ಒಂದೇ ಒಂದು ಪದದ ಮೇಲೆ ನಿಲ್ಲಿಸಿದ್ದರು. ಆ ಪದ ‘ಡಿಪೆಂಡ್ಸ್’. ಮಾಲು ಪಾಸಾಗುತ್ತದೆಯೇ ಎಂದು ಪ್ರೊಡಕ್ಷನ್ನಿನವರು ಕೇಳಿದರೆ ಡಿಪೆಂಡ್ಸ್. ಈ ಸಲ ಬೋನಸ್ ಬರಬಹುದೇ ಎಂದು ಮಿಷನ್ನಿನವರು ಕೇಳಿದರೆ ಡಿಪೆಂಡ್ಸ್. ಒಮ್ಮೆ ಹೆಂಡತಿ ಸುಮಂಗಲಾ, “ಸಾರಿಗೆ ಉಪ್ಪು ಸರಿ ಐತೇನ್ರೀ?” ಎಂದು ಕೇಳಿದಾಗಲೂ ಇದೇ ಪದ ಬಾಯಿಂದ ಜಾರಿ, ಅವರ ಊಟ ಬರೀ ಮೊಸರನ್ನದಲ್ಲಿ ಮುಗಿದಿತ್ತು. ಆದರೂ ಅವರು ಪದವನ್ನು ಬಿಟ್ಟವರಲ್ಲ. ಹೌದು ಎಂದವನೂ ಇಲ್ಲ ಎಂದವನೂ ಸಿಕ್ಕಿಬಿದ್ದದ್ದನ್ನು ಅವರು ಕಂಡಿದ್ದರು, ಡಿಪೆಂಡ್ಸ್ ಎಂದವನು ಸಿಕ್ಕಿಬಿದ್ದದ್ದನ್ನು ಕಂಡಿರಲಿಲ್ಲ.

ಇಂಥವರ ನೆಮ್ಮದಿಗೆ ಸಿಲ್ವಾಸಾ ಅಡ್ಡ ಬಂತು. ಗುಜರಾತಿನ ಮಗ್ಗುಲಲ್ಲಿರುವ ಆ ಊರಿನಲ್ಲಿ ಕಂಪನಿ ಹೊಸ ಘಟಕ ತೆರೆಯುತ್ತಿದೆ, ಕ್ವಾಲಿಟಿಯಿಂದ ಒಬ್ಬರು ಅಲ್ಲಿಗೆ ಹೋಗಲೇಬೇಕು, ಅದು ಶೇಖರಪ್ಪನೋ ಇಲ್ಲ ಅವರ ಕೈಕೆಳಗಿನ ಗುರುರಾಜನೋ ಎಂದು ಕ್ಯಾಂಟೀನು ತೀರ್ಮಾನಿಸಿತು. ನಮ್ಮ ಕಾರ್ಖಾನೆಗಳಲ್ಲಿ ಆಡಳಿತ ನಡೆಸುವುದು ಕ್ಯಾಂಟೀನು, ಸಹಿ ಹಾಕುವುದು ಮಾತ್ರ ಜನರಲ್ ಮ್ಯಾನೇಜರು. ಗುರುರಾಜ ಸುದ್ದಿ ಕೇಳಿ ಸುಮ್ಮನೆ ನಕ್ಕ. ಆ ನಗು ನೋಡಿದ ಶೇಖರಪ್ಪನವರಿಗೆ ಒಳಗೊಳಗೇ ಏನೋ ನಡೆದಿದೆ ಎಂಬುದು ಖಾತ್ರಿಯಾಗಿ, ಅವತ್ತಿನಿಂದ ಅವನೊಂದಿಗೆ ಮಾತು ಬಿಟ್ಟರು.

ಅವರ ಭಯಕ್ಕೆ ಕಾರಣವಿತ್ತು. ಸುಮಂಗಲಾ ಮದುವೆಯಾದಾಗಿನಿಂದ ಹರಿಹರ, ತುಮಕೂರು, ಪೀಣ್ಯ ಎಂದು ಗಂಡನ ಹಿಂದೆ ಪಾತ್ರೆ ಕಟ್ಟಿಕೊಂಡು ತಿರುಗಿದವಳು. ಸಿಂಗಸಂದ್ರದ ಈ ಫ್ಲ್ಯಾಟಿಗೆ ಬಂದ ದಿನ ಹಾಲು ಉಕ್ಕಿಸುತ್ತಲೇ, “ನಾ ಇನ್ನೊಮ್ಮೆ ಪಾತ್ರಿ ಕಟ್ಟಿದ್ರ ಅದು ಬ್ಯಾಡಗಿಗೇ, ತಿಳ್ಕೊಳ್ರಿ” ಎಂದು ಹೇಳಿಬಿಟ್ಟಿದ್ದಳು. ಬ್ಯಾಡಗಿ ಅವಳ ತವರು. ಈಗ ಅಲ್ಲಿಂದ ಅತ್ತೆ ಮಹಾಂತಮ್ಮನವರು ಮೊಣಕಾಲು ತೋರಿಸಲು ಬಂದು ಮನೆಯಲ್ಲೇ ಇದ್ದುದರಿಂದ, ಆ ಮಾತಿಗೆ ಸಾಕ್ಷಿಯೂ ಬೆಂಬಲವೂ ಒಟ್ಟಿಗೇ ಇದ್ದವು. ಶೇಖರಪ್ಪನವರಿಗೆ ಸುಮಂಗಲಾ ಇಲ್ಲದ ಮನೆಯನ್ನು ನೆನೆಯಲೂ ಆಗುತ್ತಿರಲಿಲ್ಲ.

ಹೊಸ ಜನರಲ್ ಮ್ಯಾನೇಜರು ಲಾಹಿರಿ ಸಾಹೇಬರು ಕಲ್ಕತ್ತದವರು. ಅವರು ಆಡುತ್ತಿದ್ದದ್ದೆಲ್ಲ ಇಂಗ್ಲಿಷು, ನಿಮ್ಮ ಅನುಕೂಲಕ್ಕಾಗಿ ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಒಂದು ಮಧ್ಯಾಹ್ನ ಅವರು ಕ್ಯಾಂಟೀನಿನಲ್ಲಿ ಎಲ್ಲರ ನಡುವೆ ಕೂತು, ಬೇಗೂರಿನ ಕಡೆ ಒಂದು ಕೆರೆ ನೋಡಿಬಂದೆ, ಅಂತರಗಂಗೆ ಹಬ್ಬಿ ನೀರೇ ಕಾಣುವುದಿಲ್ಲ, ಅಂಥ ಕೆರೆಯಲ್ಲಿ ಮೀನು ಹಿಡಿಯುವುದೇ ನಿಜವಾದ ಆಟ ಎಂದು ಹೇಳಿ, “ಇಲ್ಲಿ ಗಾಳ ಹಾಕುವವರು ಯಾರಾದರೂ ಇದ್ದೀರಾ?” ಎಂದು ಕೇಳಿದರು.

ಎಲ್ಲರೂ ತಟ್ಟೆ ನೋಡಿದರು. ಗುರುರಾಜ ಬಾಯಿ ತೆರೆದ. ಅವನು ಬಾಯಿ ತೆರೆದದ್ದು ಚಪಾತಿಗಾಗಿ. ಆದರೆ ಶೇಖರಪ್ಪನವರಿಗೆ ಅದು ತಿಳಿಯಬೇಕಲ್ಲ. ಅವನು ಮಾತಾಡುವ ಮೊದಲೇ ಅವರ ಕೈ ತಾನಾಗಿ ಮೇಲೆದ್ದಿತ್ತು.

“ಯೆಸ್ ಸಾರ್,” ಎಂದರು ಶೇಖರಪ್ಪ, ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದವರು, ಕೊರಳಲ್ಲಿ ಲಿಂಗವಿರುವವರು.

“ಭಲೇ. ಅಷ್ಟು ದಟ್ಟ ಜೊಂಡಿದ್ದರೆ ನೀವು ಯಾವ ಲೂರ್ ಕಟ್ಟುತ್ತೀರಿ?”

ಲೂರ್ ಎಂದರೆ ಏನೆಂದು ಶೇಖರಪ್ಪನವರಿಗೆ ಗೊತ್ತಿರಲಿಲ್ಲ. ಅದನ್ನು ಕಟ್ಟುತ್ತಾರೆ ಎಂಬುದಷ್ಟೇ ಈಗ ತಿಳಿಯಿತು. ಅವರು ನೀರು ಕುಡಿದು, ಲೋಟ ಕೆಳಗಿಟ್ಟು, ಸೂರು ನೋಡಿ, “ಡಿಪೆಂಡ್ಸ್ ಸಾರ್,” ಎಂದರು.

ಲಾಹಿರಿಯವರು ಕುರ್ಚಿಯಿಂದ ಎದ್ದುಬಂದು ಕೈ ಕುಲುಕಿದರು. ಬಾಯಿಬಡುಕರು ತಟ್ಟನೆ ಒಂದು ಹೆಸರು ಹೇಳುತ್ತಾರೆ, ಪಳಗಿದವನೊಬ್ಬನೇ ಹೀಗೆ ಉತ್ತರಿಸುತ್ತಾನೆ ಎಂದು ಇಡೀ ಕ್ಯಾಂಟೀನಿಗೆ ಕೇಳುವಂತೆ ಹೇಳಿದರು. ಸಂಜೆ ಶೇಖರಪ್ಪನವರು ಕಾರ್ಖಾನೆ ಬಸ್ಸು ಹತ್ತಿದಾಗ ಅವರ ತೊಡೆಯ ಮೇಲೆ ಸಾಹೇಬರ ದೊಡ್ಡ ತಗಡಿನ ಪೆಟ್ಟಿಗೆಯಿತ್ತು. ಅದರಲ್ಲಿದ್ದದ್ದನ್ನೆಲ್ಲ ಪರೀಕ್ಷಿಸಿ ಜೊಂಡಿಗೆ ಯಾವುದು ತಕ್ಕದ್ದು ಎಂದು ಆರಿಸಬೇಕು, ಬರುವ ಭಾನುವಾರದಿಂದ ಇಬ್ಬರೂ ಕೆರೆಗೆ ಹೋಗಬೇಕು ಎಂದು ಅಪ್ಪಣೆಯಾಗಿತ್ತು.

ಪೆಟ್ಟಿಗೆ ತೆರೆದಾಗ ಅವರಿಗೆ ಲೂರ್ ಎಂದರೇನೆಂದು ಅರ್ಥವಾಯಿತು. ಹುಳುವಿನ ಬದಲು ಗಾಳಕ್ಕೆ ಕಟ್ಟುವ ಹುಸಿ ಎರೆಗಳು. ಹೊಳೆಯುವ ಚಮಚಗಳಿದ್ದವು, ಕಣ್ಣು ಬರೆದ ಮರದ ಮೀನುಗಳಿದ್ದವು, ಗಿರಗಿರ ತಿರುಗುವ ರೆಕ್ಕೆಗಳಿದ್ದವು. ಎಲ್ಲದಕ್ಕೂ ಹೊಟ್ಟೆಯಡಿ ಮೂರು ಕಡೆಗೆ ಬಾಗಿದ ಕೊಕ್ಕೆಗಳು. ಜೊತೆಗೆ ಹಲವು ವರ್ಷಗಳ ಕಲ್ಕತ್ತದ ಮೀನಿನ ವಾಸನೆ. ಶೇಖರಪ್ಪನವರು ಪೆಟ್ಟಿಗೆಯನ್ನು ಬಾಲ್ಕನಿಯಲ್ಲಿ ಬಕೆಟ್ಟಿನ ಕೆಳಗೆ ಮುಚ್ಚಿಟ್ಟರು. ಮಾರನೆಯ ಬೆಳಗ್ಗೆ, ಕಟ್ಟಡದಲ್ಲಿ ಯಾರ ಮನೆಗೂ ಸೇರದೆ ಅಲೆಯುತ್ತಿದ್ದ ಬೆಕ್ಕು ಅವರ ಬಾಗಿಲ ಮುಂದೆ ಬಂದು ಮಲಗಿತು.

ಎದುರು ಮನೆಯ ಸುಬ್ಬಲಕ್ಷ್ಮಮ್ಮನವರು ಅದನ್ನು ನೋಡಿದರು. ಅವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ ಆಗಿ ನಿವೃತ್ತರಾದವರು. ಈಗ ಇಡೀ ಕಟ್ಟಡದ ಹಾಜರಿ ತೆಗೆದುಕೊಳ್ಳುತ್ತಿದ್ದರು. “ನಾನು ಯಾರ ಮನೆ ವಿಷಯಕ್ಕೂ ಹೋಗೋಳಲ್ಲ ಕಣ್ರೀ,” ಎಂದು ಅವರು ಸುಮಂಗಲಾಗೆ ಹೇಳಿದರು. “ಆದ್ರೆ ಆ ಬೆಕ್ಕು ಇಷ್ಟು ವರ್ಷದಲ್ಲಿ ನಿಮ್ಮ ಬಾಗಿಲಿಗೆ ಬಂದಿದ್ದು ನಾನು ನೋಡಿಲ್ಲ. ಸುಮ್ಸುಮ್ನೆ ಬರುತ್ತಾ ಹೇಳಿ.”

ಶೇಖರಪ್ಪನವರು ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವ ಪೈಕಿಯಲ್ಲ. ಮೀನು ಏನು ತಿನ್ನುತ್ತದೆ ಎಂಬುದು ತಿಳಿಯದೆ ಎರೆ ಆರಿಸುವುದು ಹೇಗೆ? ಗಿರಾಕಿಯ ಅಗತ್ಯ ಮೊದಲು ತಿಳಿಯಿರಿ ಎಂದು ಐಎಸ್‌ಓ ತರಬೇತಿಯಲ್ಲಿ ಅವರೇ ಎಲ್ಲರಿಗೂ ಪಾಠ ಹೇಳಿದ್ದರು. ಆದ್ದರಿಂದ ಮೂಗಿಗೆ ಕರ್ಚೀಫು ಹಿಡಿದು ಹೆಬ್ಬಗೋಡಿ ಸಂತೆಯಲ್ಲಿ ಮೀನು ಮಾರುವ ಮಾರಕ್ಕನ ಮುಂದೆ ನಿಂತರು.

“ಕೊರಮೀನು ಬೇಕಾ ಸಾರ್? ಕುಯ್ದು ಕೊಡ್ಲಾ?”

“ಬೇಡಮ್ಮ. ಇದು ಏನು ತಿನ್ನುತ್ತೆ ಅಂತ ಹೇಳು ಸಾಕು.”

“ತಿನ್ನೋರು ನೀವಲ್ವಾ ಸಾರ್? ಸತ್ತೋಗಿರೋ ಮೀನು, ಅದೇನ್ ತಿನ್ನುತ್ತೆ.”

“ಬದುಕಿದ್ದಾಗ ಕಣಮ್ಮ.”

“ಕಪ್ಪೆ ಕಂಡ್ರೆ ಬಿಡಲ್ಲ,” ಎಂದ ಮಾರಕ್ಕ, ಬೆಳಗ್ಗೆ ಬೆಳಗ್ಗೆ ಇದೆಂಥ ಗಿರಾಕಿ ಎಂದು ಪಕ್ಕದವಳ ಕಡೆ ನೋಡಿದಳು. ಅದೇ ಹೊತ್ತಿಗೆ ಹೊಸೂರು ರಸ್ತೆಯ ಬಸ್ಸಿನ ಕಿಟಕಿಯಿಂದ ಸುಬ್ಬಲಕ್ಷ್ಮಮ್ಮನವರೂ ನೋಡಿದರು. ಕರ್ಚೀಫು ಮುಖದ ಅರ್ಧ ಮುಚ್ಚಿದ್ದರಿಂದ ಶೇಖರಪ್ಪನವರು ಗುರುತು ಮರೆಸಿಕೊಂಡು ನಿಂತಂತೆಯೇ ಕಂಡಿತು.

ಇನ್ನು ಪರೀಕ್ಷೆ. ಬಚ್ಚಲಮನೆಯ ದೊಡ್ಡ ತೊಟ್ಟಿಯಲ್ಲಿ ನೀರು ತುಂಬಿ, ಅದರ ಮೇಲೆ ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ ಸೊಪ್ಪನ್ನು ದಟ್ಟವಾಗಿ ಹರಡಿ ಅವರು ಕೆರೆಯ ಮಾದರಿಯೊಂದನ್ನು ಸಿದ್ಧಪಡಿಸಿದರು. ಒಂದೊಂದೇ ಲೂರಿಗೆ ದಾರ ಕಟ್ಟಿ ಆ ತುದಿಯಿಂದ ಈ ತುದಿಗೆ ಎಳೆದರು. ಚಮಚ ಹೋಗಿ ಮೆಂತ್ಯದ ಕಟ್ಟಿನೊಂದಿಗೆ ಹಿಂದಿರುಗಿತು. ಮರದ ಮೀನು ಕೊತ್ತಂಬರಿಯಲ್ಲಿ ಮುಳುಗಿ ಮೇಲೇಳಲಿಲ್ಲ. ತಿರುಗುವ ರೆಕ್ಕೆ ಸಬ್ಬಸಿಗೆಯನ್ನು ಮೈತುಂಬ ಸುತ್ತಿಕೊಂಡು ನಿಂತಿತು. ಮೂರು ಕೊಕ್ಕೆ ಇರುವುದೆಲ್ಲ ಫೇಲು ಎಂದು ಅವರು ಗಟ್ಟಿಯಾಗಿ ಹೇಳಿಕೊಳ್ಳುವ ಹೊತ್ತಿಗೆ ಬಾಗಿಲಲ್ಲಿ ಮಹಾಂತಮ್ಮನವರು ನಿಂತಿದ್ದರು.

“ಅಳಿಯಂದ್ರ, ಇದೇನ್ರಿ? ಪಲ್ಲೆ ತೊಳಿಯಾಕ ಕಬ್ಬಿಣದ ಕೊಕ್ಕಿ ಯಾಕ ಬೇಕ್ರಿ?”

“ಕ್ವಾಲಿಟಿ ಟೆಸ್ಟ್ ಅತ್ತೀ. ಸೊಪ್ಪಿನಾಗೆ ಸಿಗೇ ಬೀಳ್ತತೋ ಇಲ್ವೋ ಅಂತ ನೋಡ್ತಿದ್ದೆ.”

“ಸಿಗೇ ಬಿದ್ದೈತಲ್ರಿ. ಸಂಜೀಕ ಪಲ್ಲೆ ಏನು ಮಾಡಬೇಕ್ರಿ ಈಗ?”

ಸೊಪ್ಪು ಕಸಕ್ಕೆ ಹೋಯಿತು, ಆದರೆ ಪರೀಕ್ಷೆಯ ಫಲ ಉಳಿಯಿತು. ಜೊಂಡಿನಲ್ಲಿ ಹೊಳಪಿಗೆ ಬೆಲೆಯಿಲ್ಲ. ಎಲೆಯ ಮೇಲೆ ಜಾರಿ ಹೋಗುವ ನುಣುಪಾದ ಮೈ ಬೇಕು, ಕೊಕ್ಕೆ ಬೆನ್ನಿಗಂಟಿ ಮಲಗಿರಬೇಕು, ಮೀನು ಕಚ್ಚಿದಾಗ ಮೈ ಒಳಗೆ ಕುಗ್ಗಿ ಕೊಕ್ಕೆ ಹೊರಗೆ ಬರಬೇಕು. ಅಂದರೆ ಟೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆ. ರಬ್ಬರು ಎಂದ ಮೇಲೆ ಶೇಖರಪ್ಪನವರನ್ನು ಹಿಡಿಯುವವರು ಯಾರು? ಟೂಲ್‌ರೂಮಿನಲ್ಲಿ ಅಚ್ಚು ಸಿದ್ಧವಾಯಿತು. ಆಯಿಲ್ ಸೀಲಿನ ಮಾಲಿನಿಂದಲೇ ಒತ್ತಿದ್ದರಿಂದ ಕಪ್ಪೆ ಕಾಡಿಗೆ ಬಣ್ಣಕ್ಕೆ ಬಂತು, ನಾಲ್ಕು ಕಾಲು ಚಾಚಿ ಬಹಳ ಗಂಭೀರವಾಗಿತ್ತು. ಬೆನ್ನ ಮೇಲೆ ಒಂದು ಕೊಕ್ಕೆ ಕೂರಿಸಿ ಅದನ್ನು ಮನೆಗೆ ತಂದರು.

ಶನಿವಾರ ಸಂಜೆ ಆ ಕೊಕ್ಕೆ ಅವರ ಹೆಬ್ಬೆರಳಿಗೆ ಚುಚ್ಚಿತು. ರಕ್ತ ಬಂತು. ಶೇಖರಪ್ಪನವರು ಬೆರಳು ಬಾಯಿಗಿಟ್ಟುಕೊಂಡು ಮಂಚದ ಮೇಲೆ ಕೂತರು. ಇದೇ ಕೊಕ್ಕೆ ನಾಳೆ ಒಂದು ಜೀವದ ಬಾಯಿಗೆ ಚುಚ್ಚುತ್ತದೆ, ದಾರದ ಈ ಕೊನೆಯಲ್ಲಿ ತಾನಿರುತ್ತೇನೆ ಎಂಬುದು ಅವರಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಎದ್ದು ಹೋಗಿ ಇಕ್ಕಳ ತಂದು ಕೊಕ್ಕೆಯ ಬಾಗಿದ ಭಾಗವನ್ನು ಬುಡಕ್ಕೇ ಕತ್ತರಿಸಿ, ಉಳಿದದ್ದನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿದರು. ಕೆರೆಗೆ ಹೋಗುವುದು, ಸಾಹೇಬರ ಪಕ್ಕ ನಿಲ್ಲುವುದು, ಏನೂ ಹಿಡಿಯದೆ ಬರುವುದು. ಮೀನೂ ಉಳಿಯಿತು, ಸಿಂಗಸಂದ್ರವೂ ಉಳಿಯಿತು. ಇಷ್ಟು ಚೊಕ್ಕ ಉಪಾಯ ತಮಗೆ ಹೇಗೆ ಹೊಳೆಯಿತು ಎಂದು ಅವರಿಗೇ ಸೋಜಿಗವಾಯಿತು.

ಭಾನುವಾರ ಬೆಳಗ್ಗೆ ಲಿಂಗಪೂಜೆ ಮುಗಿಸಿ, ಐಎಸ್‌ಓ ಆಡಿಟ್ ಇದೆ ಎಂದು ಮನೆಯಲ್ಲಿ ಹೇಳಿ ಹೊರಟರು. ಕೆರೆ ಏರಿಯ ಮೇಲೆ ಲಾಹಿರಿಯವರು ಆಗಲೇ ಹ್ಯಾಟು ಹಾಕಿ ನಿಂತಿದ್ದರು. ಗಾಳದ ಕೋಲುಗಳನ್ನು ಬಿಚ್ಚುವಷ್ಟರಲ್ಲಿ ಊರಿನ ಚಿಕ್ಕಬೈರಪ್ಪ ಟವೆಲ್ಲು ಕೊಡವುತ್ತ ಓಡಿಬಂದ. ಆ ಕೆರೆಯ ಮೀನಿನ ಗುತ್ತಿಗೆ ಅವನದು.

“ಏನ್ ಸ್ವಾಮಿ, ಕೋಲು ದಾರ ಎಲ್ಲಾ ತಂದಿದ್ದೀರಾ. ಕೆರೆ ಅಳ್ದು ಸೈಟ್ ಮಾಡಾಕಾ?”

“ಅಯ್ಯೋ ಇಲ್ಲಪ್ಪ. ಸುಮ್ನೆ ಗಾಳ ಹಾಕೋಕೆ ಬಂದಿದೀವಿ.”

“ಅಷ್ಟೇನಾ? ಅಂಗಾದ್ರೆ ಆಕ್ಕೊಳಿ. ನಾನ್ ಎಲ್ಲೋ ಲೇಔಟ್ನೋರು ಅಂದ್ಕಂಡೆ,” ಎಂದು ಅವನು ನಿರಾಳವಾಗಿ ಹುಣಸೆ ಮರದ ನೆರಳಲ್ಲಿ ಕೂತುಬಿಟ್ಟ.

ಸಾಹೇಬರು ತಮ್ಮ ಚಮಚವನ್ನು ಎಸೆದರು. ಅದು ಅಂತರಗಂಗೆಗೆ ಸಿಕ್ಕಿ, ಎಳೆದಾಗ ಒಂದು ಮೊರದಷ್ಟು ಜೊಂಡು ಹೊತ್ತು ತಂದಿತು. ಮತ್ತೆ ಎಸೆದರು, ಮತ್ತೆ ಜೊಂಡು. ಅವರ ಪಕ್ಕದಲ್ಲಿ ಜೊಂಡಿನ ಗುಡ್ಡೆ ಬೆಳೆಯತೊಡಗಿತು. ಶೇಖರಪ್ಪನವರು ತಮ್ಮ ಕಪ್ಪೆಯನ್ನು ಎಸೆದರು. ಅದು ಎಲೆಗಳ ಮೇಲೆ ಬಿದ್ದು, ದಾರ ಎಳೆದಂತೆ ಕುಪ್ಪಳಿಸುತ್ತ, ಸಂದಿಗಳಲ್ಲಿ ಇಳಿದು ಹತ್ತುತ್ತ, ಒಂದು ದಂಟಿಗೂ ಸಿಗದೆ ದಡಕ್ಕೆ ಬಂತು. ಎಷ್ಟು ಸಲ ಎಸೆದರೂ ಹಾಗೆಯೇ ಬಂತು. ಕೊಕ್ಕೆಯೇ ಇಲ್ಲದಿದ್ದರೆ ಸಿಗುವುದಾದರೂ ಏನು?

ಲಾಹಿರಿಯವರು ಕೋಲನ್ನು ಕೆಳಗಿಟ್ಟು ಕಣ್ಣು ಬಿಟ್ಟುಕೊಂಡು ನೋಡಿದರು. “ಶೇಖರಪ್ಪ, ಹೂಗ್ಲಿ ನದಿಯ ದಡದಲ್ಲಿ ಹುಟ್ಟಿ ಬೆಳೆದವನು ನಾನು. ಜೊಂಡಿನಲ್ಲಿ ಹೀಗೆ ಓಡಾಡುವ ಲೂರನ್ನು ನೋಡಿಲ್ಲ. ಇದರ ಗುಟ್ಟೇನು?”

“ಡಿಪೆಂಡ್ಸ್ ಸಾರ್,” ಎಂದ ಶೇಖರಪ್ಪ ಕಪ್ಪೆಯನ್ನು ಜೇಬಿಗೆ ಸೇರಿಸಿದರು.

ಇನ್ನೊಬ್ಬನ ಎರೆಯನ್ನು ಕೇಳದೆ ಮುಟ್ಟಬಾರದು ಎಂಬುದು ಗಾಳದವರ ಮರ್ಯಾದೆಯಂತೆ, ಸಾಹೇಬರು ಒತ್ತಾಯ ಮಾಡಲಿಲ್ಲ. ಆದರೆ ಸೋಮವಾರ ಮೀಟಿಂಗಿನಲ್ಲಿ ಆಯಿಲ್ ಸೀಲಿನ ಮಾತು ಬಿಟ್ಟು ಕಪ್ಪೆಯ ಮಾತೇ ನಡೆಯಿತು. ಬರುವ ಭಾನುವಾರ ಮೀನು ಬಿದ್ದರೆ ಕಂಪನಿಯಿಂದಲೇ ಈ ಕಪ್ಪೆ ತಯಾರಿಸೋಣ, ಮುಂಬಯಿಯ ಹೆಡ್ಡಾಫೀಸಿಗೆ ನಾನೇ ಬರೆಯುತ್ತೇನೆ, ಕ್ವಾಲಿಟಿ ಸರ್ಟಿಫಿಕೇಟಿಗೆ ಶೇಖರಪ್ಪನವರೇ ಸಹಿ ಹಾಕಲಿ ಎಂದು ಸಾಹೇಬರು ಸಾರಿದರು. ಗುರುರಾಜ ಚಪ್ಪಾಳೆ ತಟ್ಟಿದ. ಮೀನಿಲ್ಲದ ಕೊಕ್ಕೆಗೆ, ಅಲ್ಲ, ಕೊಕ್ಕೆಯಿಲ್ಲದ ಕಪ್ಪೆಗೆ ಸಹಿ ಹಾಕಿದವನನ್ನು ಸಿಲ್ವಾಸಾಕ್ಕಲ್ಲ, ಅಂಡಮಾನಿಗೇ ಕಳಿಸುತ್ತಾರೆ ಎಂದು ಶೇಖರಪ್ಪನವರು ಲೆಕ್ಕ ಹಾಕಿದರು.

ಇತ್ತ ಮನೆಯಲ್ಲಿ ಕಪ್ಪೆಯನ್ನು ತೊಳೆದು ಬಟ್ಟೆ ತಂತಿಗೆ ಕ್ಲಿಪ್ಪು ಹಾಕಿ ನೇತುಹಾಕಿದ್ದು ಅವರ ದೊಡ್ಡ ತಪ್ಪಾಯಿತು. ಪಂಚೆಗೂ ಸುಮಂಗಲಾಳ ಸೀರೆಗೂ ನಡುವೆ ಅದು ಗಾಳಿಗೆ ಕಾಲು ಆಡಿಸುತ್ತಿತ್ತು. ಕೆಳಗೆ ಬೆಕ್ಕು ಕತ್ತೆತ್ತಿ ಕೂತಿತ್ತು. ಸುಬ್ಬಲಕ್ಷ್ಮಮ್ಮನವರು ಇನ್ನು ತಡೆಯಲಾರದೆ ಒಳಗೇ ಬಂದು, “ನಾನು ಯಾರ ಮನೆ ವಿಷಯಕ್ಕೂ ಹೋಗೋಳಲ್ಲ,” ಎಂದು ಶುರುಮಾಡಿ, ಬೆಕ್ಕು, ವಾಸನೆ, ಹೆಬ್ಬಗೋಡಿಯ ಕರ್ಚೀಫು ಎಲ್ಲವನ್ನೂ ಕ್ರಮವಾಗಿ ವಿವರಿಸಿ, “ನಮ್ಮ ಹಾಲಿನೋನು ಬೇಗೂರಿನ ಕಡೆಯೋನು. ಭಾನುವಾರ ನಿಮ್ಮನೆಯೋರು ಕೆರೆ ಏರಿ ಮೇಲೆ ಗಾಳ ಹಿಡ್ಕೊಂಡು ನಿಂತಿದ್ದನ್ನ ಕಣ್ಣಾರೆ ನೋಡಿದ್ನಂತೆ,” ಎಂದು ಮುಗಿಸಿದರು.

ಸುಮಂಗಲಾ ತಂತಿಯ ಮೇಲಿನ ತನ್ನ ಸೀರೆಯನ್ನಷ್ಟೇ ತೆಗೆದು ಮಡಚತೊಡಗಿದಳು. ಮಹಾಂತಮ್ಮನವರು ಹಣೆಯ ಮೇಲಿನ ವಿಭೂತಿಯನ್ನು ಮುಟ್ಟಿ ನೋಡಿಕೊಂಡು, “ಆಡಿಟ್ ಅಂದ್ರ ಇದೇನು?” ಎಂದರು.

ಮುಂದಿನ ಭಾನುವಾರ ಬಂತು. ಸೊಗಸಾದ ಬಿಸಿಲು. ಶೇಖರಪ್ಪನವರು ಕಪ್ಪೆಯನ್ನು ಎಸೆಯುತ್ತ, ಒಂದೂ ಮೀನು ಹತ್ತಿರ ಸುಳಿಯದಿರಲಿ ಎಂದು ಬೇಡಿಕೊಳ್ಳುತ್ತ ನಿಂತಿದ್ದಾಗ ಏರಿಯ ಮೇಲೆ ಒಂದು ಆಟೋ ಬಂದು ನಿಂತಿತು. ಅದರಿಂದ ಮೊದಲು ಸುಬ್ಬಲಕ್ಷ್ಮಮ್ಮನವರ ಕೊಡೆ, ಆಮೇಲೆ ಮಹಾಂತಮ್ಮನವರ ಊರುಗೋಲು, ಕೊನೆಗೆ ಸುಮಂಗಲಾ ಇಳಿದರು.

“ಈ ಹಿರಿಯರು ಯಾರು?” ಎಂದು ಲಾಹಿರಿಯವರು ಹ್ಯಾಟು ತೆಗೆದರು.

“ನಮ್ಮ ಅತ್ತೆ ಸಾರ್. ಕೆರೆ ನೋಡೋಕೆ ಬಂದಿದಾರೆ,” ಎಂದು ಶೇಖರಪ್ಪ ಇಂಗ್ಲಿಷಿನಲ್ಲಿ ಹೇಳಿದರು.

ಮಹಾಂತಮ್ಮನವರು ಊರುಗೋಲನ್ನು ನೆಲಕ್ಕೆ ಕುಟ್ಟಿದರು. “ಅಳಿಯಂದ್ರ, ಆ ಸಾಹೇಬ್ರನ್ನ ಕೇಳ್ರಿ. ಲಿಂಗ ಕಟ್ಟಿದವರ ಕೈಲೆ ಮೀನ ಹಿಡಿಸಾಕ ಹತ್ತೀರಲ್ಲ, ನಿಮಗ ನ್ಯಾಯ ಐತೇನು ಅಂತ ಕೇಳ್ರಿ.”

ಶೇಖರಪ್ಪನವರು ಸಾಹೇಬರ ಕಡೆ ತಿರುಗಿ, “ನಮ್ಮೂರಿನ ಹವಾ ನಿಮಗೆ ಒಗ್ಗಿತಾ ಅಂತ ಕೇಳ್ತಿದಾರೆ ಸಾರ್,” ಎಂದು ಇಂಗ್ಲಿಷಿಗೆ ತಿರುಗಿಸಿದರು.

“ಅದ್ಭುತವಾಗಿದೆ ಅಂತ ಹೇಳಿ. ನಿಮ್ಮ ಅಳಿಯ ಇಲ್ಲದಿದ್ದರೆ ನಾನು ಭಾನುವಾರ ಒಬ್ಬನೇ ಕೋಣೆಯಲ್ಲಿ ಬಿದ್ದಿರುತ್ತಿದ್ದೆ. ಇಂಥ ಮೀನುಗಾರ ಇಡೀ ಕಂಪನಿಯಲ್ಲಿಲ್ಲ.”

ಶೇಖರಪ್ಪನವರು ಅತ್ತೆಯ ಕಡೆ ತಿರುಗಿದರು. “ತಪ್ಪಾತು, ಇನ್ಮೇಲೆ ಈ ಕಡೆ ಬರಂಗಿಲ್ಲ ಅಂತಿದಾರೆ ಅತ್ತೀ.”

ಸುಬ್ಬಲಕ್ಷ್ಮಮ್ಮನವರು ಕೊಡೆ ಮಡಚಿದರು. “ನಾನು ಯಾರ ಮನೆ ವಿಷಯಕ್ಕೂ ಹೋಗೋಳಲ್ಲ. ಆದ್ರೆ ಇಡೀ ಜನ್ಮ ಟ್ರಾನ್ಸ್‌ಲೇಷನ್ ಪಾಠ ಮಾಡ್ದೋಳು ಕಣ್ರೀ ನಾನು. ಇದಕ್ಕೆ ಸೊನ್ನೆ.” ಹೀಗೆ ಹೇಳಿ ಅವರು ಮಹಾಂತಮ್ಮನವರ ಮಾತನ್ನು ಸಾಹೇಬರಿಗೆ ಇಂಗ್ಲಿಷಿನಲ್ಲೂ, ಸಾಹೇಬರ ಮಾತನ್ನು ಮಹಾಂತಮ್ಮನವರಿಗೆ ಕನ್ನಡದಲ್ಲೂ, ಒಂದಕ್ಷರ ಬಿಡದೆ ಒಪ್ಪಿಸಿದರು. ‘ಇಂಥ ಮೀನುಗಾರ’ ಎಂಬಲ್ಲಿ ಸ್ವಲ್ಪ ನಿಂತು, ಒತ್ತಿ ಹೇಳಿದರು.

ಲಾಹಿರಿಯವರು ತಬ್ಬಿಬ್ಬಾದರು. ಮಹಾಂತಮ್ಮನವರು ಮಗಳ ಕೈ ಹಿಡಿದರು. ಆಗ ಸುಮಂಗಲಾ ಮೊದಲ ಸಲ ಬಾಯಿ ಬಿಟ್ಟಳು.

“ಪಾತ್ರಿ ಕಟ್ಟೀನ್ರಿ,” ಎಂದಳು. “ಸಂಜೀ ಬಸ್ಸಿಗೆ ಅವ್ವನ ಜೋಡಿ ಬ್ಯಾಡಗಿಗೆ ಹೊಂಟೀನಿ. ನೀವು ಮೀನ ತಿಂದ್ರ ತಿನ್ರಿ. ಆದ್ರ ನನಗ ಸುಳ್ಳು ಹೇಳಿ ಬಂದ್ರಲ್ಲ.”

ಶೇಖರಪ್ಪನವರು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕೆರೆಯಲ್ಲಿ ಒಂದು ಸದ್ದಾಯಿತು. ಮಾತಿನ ಗಡಿಬಿಡಿಯಲ್ಲಿ ಕಪ್ಪೆ ಎರಡು ಎಲೆಗಳ ಸಂದಿಯಲ್ಲಿ ಅಲ್ಲಾಡದೆ ಕೂತಿತ್ತು. ಜೊಂಡಿನಲ್ಲಿ ಮೀನು ಹಿಡಿಯುವ ದೊಡ್ಡ ಗುಟ್ಟು ಅದೇ ಅಂತೆ, ಕಪ್ಪೆಯನ್ನು ಸುಮ್ಮನೆ ಬಿಡುವುದು. ಎಲೆಗಳು ಚದುರಿ, ತೊಡೆಗಾತ್ರದ ಕೊರಮೀನೊಂದು ಮೇಲೆದ್ದು ಕಪ್ಪೆಯನ್ನು ಬಾಯಿಗೆ ಹಾಕಿಕೊಂಡಿತು. ದಾರ ಬಿಗಿಯಿತು. ಶೇಖರಪ್ಪನವರು ಎಡವಿ ನಾಲ್ಕು ಹೆಜ್ಜೆ ಮುಂದಕ್ಕೆ ಹೋದರು.

“ಎಳೆ, ಎಳೆ, ಬಿಡಬೇಡ,” ಎಂದು ಸಾಹೇಬರು ಕೂಗಿದರು.

“ಬಿಡ್ರಿ, ಬಿಡ್ರಿ ಅದನ್ನ,” ಎಂದು ಮಹಾಂತಮ್ಮನವರು ಕೂಗಿದರು.

ಹುಣಸೆ ಮರದಡಿ ಎದ್ದುನಿಂತ ಚಿಕ್ಕಬೈರಪ್ಪ, “ಸ್ವಾಮಿ, ನನ್ ಪಾಲು ಮರೀಬೇಡಿ,” ಎಂದ.

ಎಳೆಯಬೇಕೋ ಬಿಡಬೇಕೋ ತಿಳಿಯದೆ ಶೇಖರಪ್ಪನವರು ಕೋಲನ್ನು ಅಪ್ಪಿಕೊಂಡು ನಿಂತರು. ಮೀನು ಕಪ್ಪೆಯನ್ನು ಬಿಡಲೊಲ್ಲದು, ಹಟದಿಂದ ಕಚ್ಚಿಕೊಂಡು ಜೊಂಡಿನ ಮೇಲೆಲ್ಲ ಹೊರಳಾಡಿ, ಅರ್ಧ ಮೈ ಮೇಲಕ್ಕೆತ್ತಿ ಇವರನ್ನೊಮ್ಮೆ ನೋಡಿತು. ಆಮೇಲೆ ಅದಕ್ಕೇ ಬೇಸರವಾಯಿತೋ, ಆಯಿಲ್ ಸೀಲಿನ ರುಚಿ ಹಿಡಿಸಲಿಲ್ಲವೋ, ಬಾಯಿ ತೆರೆದು ಥೂ ಎಂದು ಉಗಿದು ಒಳಗೆ ಹೋಯಿತು. ಕಪ್ಪೆ ಗಾಳಿಯಲ್ಲಿ ಹಾರಿ ಬಂದು ಶೇಖರಪ್ಪನವರ ಎದೆಗೆ ಬಡಿಯಿತು. ಅವರು ಥಟ್ಟನೆ ಅದನ್ನು ಮುಷ್ಟಿಯಲ್ಲಿ ಮುಚ್ಚಿದರು.

“ಕೊಕ್ಕೆ ಮುರಿಯಿತಾ? ತೋರಿಸು, ಕೈ ಬಿಚ್ಚು,” ಎಂದು ಲಾಹಿರಿಯವರು ಓಡಿಬಂದರು.

“ಕೊಕ್ಕಿಗೆ ಎಷ್ಟು ರಕ್ತ ಹತ್ತೇತಿ ನೋಡೂಣು, ಕೈ ತಗೀರಿ,” ಎಂದು ಮಹಾಂತಮ್ಮನವರು ಈ ಕಡೆಯಿಂದ ಬಂದರು.

ಶೇಖರಪ್ಪನವರ ಜೀವನದಲ್ಲಿ ಇಷ್ಟು ಇಕ್ಕಟ್ಟಿನ ಇನ್‌ಸ್ಪೆಕ್ಷನ್ ನಡೆದಿರಲಿಲ್ಲ. ಒಂದು ಕಪ್ಪೆ, ಇಬ್ಬರು ಗಿರಾಕಿಗಳು. ಒಬ್ಬರಿಗೆ ಕೊಕ್ಕೆ ಇರಬೇಕು, ಇನ್ನೊಬ್ಬರಿಗೆ ಇರಬಾರದು. ಮುಷ್ಟಿ ತೆರೆದರೆ ಸಿಲ್ವಾಸಾ, ತೆರೆಯದಿದ್ದರೆ ಬ್ಯಾಡಗಿ. ಡಿಪೆಂಡ್ಸ್ ಎಂಬ ಪದ ನಾಲಗೆಯ ತುದಿಯವರೆಗೆ ಬಂತು. ಅಷ್ಟರಲ್ಲಿ ಅವರ ಕಣ್ಣು ಸುಮಂಗಲಾಳ ಮುಖದ ಮೇಲೆ ಬಿತ್ತು. ಅವಳು ಅಳುತ್ತಿರಲಿಲ್ಲ. ಅಳು ಬರದಂತೆ ಸೆರಗಿನ ಚುಂಗನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಇವಳಿಲ್ಲದೆ ಯಾವ ಊರಾದರೇನು ಎಂದು ಅವರಿಗೆ ಒಮ್ಮೆಲೇ ಅನ್ನಿಸಿತು. ಅವರು ಕೈ ಬಿಚ್ಚಿದರು.

ಕಪ್ಪೆಯ ಬೆನ್ನು ನುಣ್ಣಗಿತ್ತು.

“ಕೊಕ್ಕೆ ಇಲ್ಲ ಸಾರ್. ನಾನೇ ಕತ್ತರಿಸಿದೆ,” ಎಂದರು ಶೇಖರಪ್ಪ. “ಅತ್ತೀ, ನಾನು ಜನ್ಮದಾಗೆ ಒಂದು ಮೀನೂ ಹಿಡಿದೋನಲ್ಲ. ಬೆರಳಿಗೆ ಚುಚ್ಚಿದ್ದೇ ತಡೀಲಿಲ್ಲ, ಅದರ ಬಾಯಿಗೆ ಹೆಂಗೆ ಚುಚ್ಚಲಿ? ಸಿಲ್ವಾಸಾಕ್ಕೆ ಹಾಕ್ತಾರೆ ಅಂತ ಹೆದರಿ, ಸಾಹೇಬರ ಮುಂದೆ ಗಾಳ ಬರುತ್ತೆ ಅಂತ ಸುಳ್ಳು ಹೇಳ್ದೆ. ಸುಮಂಗಲಾ, ನೀ ಮತ್ತೆ ಪಾತ್ರೆ ಕಟ್ಟಬಾರ್ದು ಅಂತ್ಲೇ ಇದೆಲ್ಲ ಮಾಡಿದ್ದು ಕಣೇ.”

ಸುಬ್ಬಲಕ್ಷ್ಮಮ್ಮನವರು ಇಷ್ಟನ್ನೂ ಇಂಗ್ಲಿಷಿಗೆ ತಿರುಗಿಸಿದರು. ಕೊನೆಯ ವಾಕ್ಯಕ್ಕೆ ಬಂದಾಗ ಅವರು ಸೆರಗಿನಿಂದ ಮೂಗೊರೆಸಿಕೊಳ್ಳಲು ಹೋಗಿ, ಕ್ರಿಯಾಪದವೊಂದು ಬಿಟ್ಟುಹೋಯಿತಂತೆ.

ಲಾಹಿರಿಯವರು ಕಪ್ಪೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಮುಖ ಕೆಂಪಾಯಿತು. ಭುಜ ಕುಲುಕಿತು. ಕೊನೆಗೆ ತಡೆಯಲಾರದೆ ತಾವೇ ಎಳೆದು ಹಾಕಿದ್ದ ಜೊಂಡಿನ ಗುಡ್ಡೆಯ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕರು.

“ಅದಕ್ಕೇ ಜೊಂಡಿಗೆ ಸಿಕ್ಕಿಬೀಳಲಿಲ್ಲ,” ಎಂದರು ಕಣ್ಣೊರೆಸುತ್ತ.
“ಅಲ್ಲಯ್ಯ, ಸಿಲ್ವಾಸಾಕ್ಕೆ ನಿನ್ನನ್ನು ಕಳಿಸುತ್ತೇನೆ ಎಂದವರು ಯಾರು?”

“ಕ್ಯಾಂಟೀನಿನಲ್ಲಿ ಎಲ್ಲರೂ ಹೇಳಿದರು ಸಾರ್.”

“ಗುರುರಾಜನ ಹೆಂಡತಿಗೆ ವಾಪಿಯಲ್ಲಿ ಬ್ಯಾಂಕಿನ ಕೆಲಸ. ಅಲ್ಲಿಂದ ಸಿಲ್ವಾಸಾ ಕೂಗಳತೆ ದೂರ. ನಾನು ಇಲ್ಲಿ ಸೇರಿದ ದಿನವೇ ಅವನು ಬಂದು ನನ್ನನ್ನು ಅಲ್ಲಿಗೆ ಹಾಕಿ ಎಂದು ಕಾಲು ಹಿಡಿದ. ಅವನನ್ನೊಂದು ಮಾತು ಕೇಳಿದ್ದರೆ ಹೇಳುತ್ತಿರಲಿಲ್ಲವೇ?”

ಕೇಳುವುದು ಹೇಗೆ, ಮಾತು ಬಿಟ್ಟಾಗಿತ್ತಲ್ಲ. ಶೇಖರಪ್ಪನವರು ಇಂಗು ತಿಂದ ಮಂಗನಂತೆ ನಿಂತರು. ಸುಮಂಗಲಾ ಸೆರಗು ಬಾಯಿಗಿಟ್ಟುಕೊಂಡಳು. ಈ ಸಲ ಅದು ಅಳುವಿಗಾಗಿ ಅಲ್ಲ.

“ಸಾರ್, ಹಂಗಾದ್ರೆ ಕಪ್ಪೆ?” ಎಂದು ಶೇಖರಪ್ಪ ಮೆಲ್ಲಗೆ ಕೇಳಿದರು.

“ನನಗೊಂದು ಮಾಡಿಕೊಡು. ಹೀಗೆಯೇ, ಕೊಕ್ಕೆಯಿಲ್ಲದ್ದು. ನನಗೆ ಬೇಕಾದದ್ದು ಅದು ಬಂದು ಕಚ್ಚುವ ಆ ಗಳಿಗೆ. ಆಮೇಲಿನದ್ದು ಅಡುಗೆಮನೆಯ ಕೆಲಸ. ನನ್ನ ಹೆಂಡತಿ ಕಲ್ಕತ್ತದಲ್ಲಿದ್ದಾಳೆ, ನನಗೆ ಒಗ್ಗರಣೆಯೂ ಬಾರದು.”

ಇಷ್ಟು ಹೊತ್ತೂ ಮಹಾಂತಮ್ಮನವರು ಮೀನು ಮುಳುಗಿದ ಜಾಗವನ್ನೇ ನೋಡುತ್ತಿದ್ದರು. ಈಗ ಊರುಗೋಲನ್ನು ಮಗಳ ಕೈಗೆ ಕೊಟ್ಟು, ಅಳಿಯನ ಕೈಯಿಂದ ಗಾಳದ ಕೋಲನ್ನು ತೆಗೆದುಕೊಂಡರು. “ಎಷ್ಟ ಸಿಟ್ಟೀಲೆ ನೋಡ್ತದು, ನಮ್ಮ ಬೀಗರಂಗ,” ಎಂದರು. “ಅಳಿಯಂದ್ರ, ಅಲ್ಲೇ ಐತದು. ನೀವು ದೂರ ಒಗದ್ರಿ. ಎಡಕ್ಕ ಒಗೀಬೇಕು.”

ಅವರು ತಾವೇ ಎಡಕ್ಕೆ ಒಗೆದರು.

ಆ ಸಂಜೆಯ ಬಸ್ಸು ಬ್ಯಾಡಗಿಗೆ ಖಾಲಿ ಸೀಟಿನೊಂದಿಗೆ ಹೋಯಿತು. ಕಟ್ಟಿದ ಪಾತ್ರೆಗಳನ್ನು ಬಿಚ್ಚಿ, ತೊಳೆದು, ಕಪಾಟಿಗೆ ಜೋಡಿಸಿದ್ದು ಶೇಖರಪ್ಪನವರೇ. ಸೋಮವಾರ ಅವರು ಗುರುರಾಜನಿಗೆ ತಾವಾಗಿ ಕಾಫಿ ಕೊಡಿಸಿದರು. ಅವನಿಗೆ ಮಾತು ಬಿಟ್ಟದ್ದೇ ಗೊತ್ತಿರಲಿಲ್ಲವಾದ್ದರಿಂದ, “ಏನ್ ಸಾರ್ ವಿಶೇಷ?” ಎಂದು ಕೇಳಿದ.

ಮಹಾಂತಮ್ಮನವರ ಮೊಣಕಾಲು ಪೂರ್ತಿ ವಾಸಿಯಾಗಿದೆ ಎಂದು ಡಾಕ್ಟರು ಹೇಳಿದರೂ ಅವರು ಊರಿಗೆ ಹೊರಡುವ ಮಾತೆತ್ತಲಿಲ್ಲ. ಪ್ರತಿ ಭಾನುವಾರ ಪೂಜೆ ಮುಗಿಸಿ, ಗಟ್ಟಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಬಾಗಿಲಲ್ಲಿ ನಿಂತಿರುತ್ತಿದ್ದರು. ಹಿಂದೆ ಸುಮಂಗಲಾ, ಕೊಡೆ ಹಿಡಿದ ಸುಬ್ಬಲಕ್ಷ್ಮಮ್ಮನವರು, ಅವರ ಹಿಂದೆ ಬೆಕ್ಕು ಗೇಟಿನವರೆಗೆ. ಏರಿಯ ಮೇಲೆ ಸಾಹೇಬರು ರೊಟ್ಟಿಗಾಗಿ ಕಾದಿರುತ್ತಿದ್ದರು. ಮಹಾಂತಮ್ಮನವರು ಕನ್ನಡದಲ್ಲಿ ಬೈದರೆ ಅವರು ಬಂಗಾಳಿಯಲ್ಲಿ ಉತ್ತರಿಸುವಷ್ಟು ಸ್ನೇಹ ಬೆಳೆದು, ಸುಬ್ಬಲಕ್ಷ್ಮಮ್ಮನವರಿಗೆ ಕೆಲಸವಿಲ್ಲದಾಯಿತು.

ಕೊರಮೀನು ಬರುತ್ತಿತ್ತು, ಕಪ್ಪೆಯನ್ನು ಕಚ್ಚುತ್ತಿತ್ತು, ಎಲ್ಲರೂ ಹೋ ಎಂದು ಕೂಗುತ್ತಿದ್ದರು, ಅದು ಉಗಿದು ಹೋಗುತ್ತಿತ್ತು. ಆಮೇಲೆ ರೊಟ್ಟಿ ಬಿಚ್ಚುತ್ತಿದ್ದರು.

ಒಂದು ಭಾನುವಾರ ಊರಿನವನೊಬ್ಬ ದಾರಿಯಲ್ಲಿ ನಿಂತು, ಈ ಪ್ಯಾಂಟಿನವರು ವಾರವಾರವೂ ಬರುತ್ತಾರೆ, ಒಂದು ಮೀನೂ ಒಯ್ಯುವುದಿಲ್ಲ, ಇವರು ಮಾಡುವುದಾದರೂ ಏನು ಎಂದು ಚಿಕ್ಕಬೈರಪ್ಪನನ್ನು ಕೇಳಿದ. ಚಿಕ್ಕಬೈರಪ್ಪ ಕೈಯಲ್ಲಿದ್ದ ಗಟ್ಟಿ ರೊಟ್ಟಿಯನ್ನು ಮುರಿದು ಬಾಯಿಗೆ ಹಾಕಿಕೊಂಡು, ಬಹಳ ದಿನದಿಂದ ನೋಡಿ ತಿಳಿದವನ ಹಾಗೆ ಹೇಳಿದ:

“ಅವ್ರು ಮೀನ್ ಇಡಿಯಾಕಲ್ಲ ಕಣ್ಲಾ ಬರಾದು. ನಮ್ ಮೀನ್ಗೆ ಕಸರತ್ ಮಾಡ್ಸಾಕೆ. ಆ ಅಜ್ಜಿ ನೋಡು, ಅವ್ರೇ ಏಡ್‌ಮೇಷ್ಟ್ರು.”